ಮಾತು ಬಿಟ್ಟ ನಾಲ್ಕು ದಿನ

ಇವತ್ತು ಬೆಳಿಗ್ಗೆ ಚಿತ್ರಾನ್ನ ತುಂಬಿದ ಡಬ್ಬಿಗೆ ಮುಚ್ಚಳ ಕೂರಲಿಲ್ಲ. ಎಲ್ಲಿ ಕೂರುತ್ತದೆ? ಮಗಳು ಸೌಮ್ಯ ಹದಿನೈದರಲ್ಲಿದ್ದಾಗ ಅದನ್ನು ಗೋಡೆಗೆ ಬೀಸಿದ್ದಳು. ಹೌದು, ಹೆಸರು ಸೌಮ್ಯ. ನಗಬೇಡಿ, ಇಟ್ಟವಳು ನಾನೇ.

ಆಗ ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದವು. ಟಿ. ದಾಸರಹಳ್ಳಿಯ ಬಾಡಿಗೆ ಮನೆಯಲ್ಲಿ ನಾವಿಬ್ಬರೇ. ಅವಳಪ್ಪ ತೀರಿಕೊಂಡು ವರ್ಷಗಳಾಗಿದ್ದವು. ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಕಾಯಿಲ್ ಸುತ್ತುತ್ತಿದ್ದೆ. ಕೂದಲೆಳೆಯಂಥ ತಾಮ್ರದ ತಂತಿಯನ್ನು ತುಂಡಾಗದಂತೆ ಸುತ್ತುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಮನೆಗೆ ಬಂದರೆ ಆ ತಾಳ್ಮೆ ಎಲ್ಲಿ ಹೋಗುತ್ತಿತ್ತೋ.

ಸೌಮ್ಯಳಿಗೆ ಸೋಮವಾರ ದೇವರಾಗಿದ್ದ ಗೆಳತಿ ಬುಧವಾರ ದ್ರೋಹಿ. ನನ್ನ ಕತೆಯೂ ಅಷ್ಟೆ. ಬೆಳಿಗ್ಗೆ ಕುತ್ತಿಗೆಗೆ ಜೋತುಬಿದ್ದು ನಿನ್ನಂಥ ಅಮ್ಮ ಯಾರಿಗೂ ಇಲ್ಲ ಎನ್ನುವಳು. ಸಂಜೆ ಬಸ್ಸು ಸಿಗದೆ ಅರ್ಧ ಗಂಟೆ ತಡವಾದರೆ, ನಾನು ನಿನಗೆ ಬೇಡವಾದೆ ಅಲ್ವಾ ಎಂದು ಬಾಗಿಲು ಬಡಿಯುವಳು. ಒಳಗೆಲ್ಲ ಖಾಲಿ ಖಾಲಿ ಎಂದು ಒಮ್ಮೆ ಹೇಳಿದಳು. ಹೊಟ್ಟೆ ತುಂಬ ಊಟ ಮಾಡು ಎಂದೆ. ನನ್ನ ಬುದ್ಧಿ ಅಷ್ಟೇ ಓಡಿದ್ದು. ಬಿರುಬೇಸಿಗೆಯಲ್ಲೂ ತುಂಬುತೋಳಿನ ಚೂಡಿದಾರ ಹಾಕುತ್ತಿದ್ದಳು, ಫ್ಯಾಷನ್ ಅಂದುಕೊಂಡೆ. ಕೆಳಮನೆಯ ಓನರ್ ಅಕ್ಕ ದೃಷ್ಟಿ ತೆಗೆಯಲು ಹೇಳಿದರು. ಮೆಣಸಿನಕಾಯಿ ನಿವಾಳಿಸಿ ಸುಟ್ಟೆ. ಇಬ್ಬರೂ ಕೆಮ್ಮಿದ್ದೇ ಬಂತು.

ನಮ್ಮ ತವರಿನಲ್ಲಿ ಕೋಪ ಬಂದರೆ ಹೊಡೆಯುವುದಿಲ್ಲ, ಬೈಯುವುದಿಲ್ಲ. ಮಾತು ಬಿಡುತ್ತೇವೆ. ನನ್ನಮ್ಮ ಒಂದು ಶ್ರಾವಣ ಪೂರ್ತಿ ಅಪ್ಪನ ಜೊತೆ ಮಾತು ಬಿಟ್ಟು, ಊಟಕ್ಕೆ ಬರಬೇಕಂತೆ ಎಂದು ಗೋಡೆಗೆ ಹೇಳುತ್ತಿದ್ದಳು. ನಮಗದು ಮರ್ಯಾದಸ್ಥರ ಲಕ್ಷಣ. ಡಬ್ಬಿ ಗೋಡೆಗೆ ಬಡಿದ ಸಂಜೆ ನಾನೂ ಮಾತು ಬಿಟ್ಟೆ. ತಟ್ಟೆ ಇಡುತ್ತಿದ್ದೆ, ಮುಖ ನೋಡುತ್ತಿರಲಿಲ್ಲ. ಮೊದಲ ದಿನ ಕೂಗಾಡಿದಳು, ಎರಡನೇ ದಿನ ಅತ್ತಳು. ಮೂರನೇ ದಿನ ಅಡುಗೆಮನೆ ಬಾಗಿಲಲ್ಲಿ ನಿಂತಳು.

"ಅಮ್ಮಾ, ನಾನು ಕಾಣಿಸ್ತಿದೀನಾ ನಿಂಗೆ?"

ನಾನು ಒಗ್ಗರಣೆಯ ಕಡೆ ತಿರುಗಿಕೊಂಡೆ. ಅಯ್ಯೋ, ಹಾಗೆ ಬೆನ್ನು ತಿರುಗಿಸಿದ್ದಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಕಾರ್ಖಾನೆಗೆ ಫೋನ್ ಬಂತು. ಮಗಳು ಜೀವ ಕಳೆದುಕೊಳ್ಳಲು ಹೊರಟಿದ್ದಳು. ಹೇಗೆಂದು ಕೇಳಬೇಡಿ, ಹೇಳಲಾರೆ. ಓನರ್ ಅಕ್ಕ ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದ್ದರು. ನನ್ನ ಬಸ್ಸು ಅಗೆದ ರಸ್ತೆಯಲ್ಲಿ ಸಿಕ್ಕಿಕೊಂಡಿತು. ಇಳಿದು ಯೂನಿಫಾರಮ್ಮಿನಲ್ಲೇ ಓಡಿದೆ. ನರ್ಸ್ ಅವಳ ಚೂಡಿದಾರದ ತೋಳನ್ನು ಮೇಲಕ್ಕೆ ಮಡಿಸಿದಾಗ, ಆ ಫ್ಯಾಷನ್ ಏನನ್ನು ಮುಚ್ಚಿತ್ತೆಂದು ಕಂಡಿತು.

ಬದುಕಿದಳು. ಆಮೇಲೆ ನೋಡಿದ ಮನೋವೈದ್ಯೆ, ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಅಂದರೆ ಭಾವನೆಗಳು ಹಿಡಿತಕ್ಕೆ ಸಿಗದ ಕಾಯಿಲೆಯ ಲಕ್ಷಣಗಳು ಕಾಣುತ್ತಿವೆ, ಬೆಳೆಯುವ ಹುಡುಗಿ, ಆ ಹೆಸರು ಹಚ್ಚಲು ಅವಸರ ಬೇಡ, ಆದರೆ ಚಿಕಿತ್ಸೆಗೆ ತಡ ಮಾಡಬೇಡಿ ಎಂದರು. ಇದೆಲ್ಲ ನಾಟಕ ಅಲ್ವಾ ಎಂದು ಕೇಳಿಯೇಬಿಟ್ಟೆ.

"ಅಲ್ಲ ಮೇಡಂ. ನೀವು ಮಾತು ಬಿಟ್ರೆ, ಅವಳ ಪಾಲಿಗೆ ನೀವು ಹೋಗೇಬಿಟ್ರಿ. ಕೋಪ ಮಾಡ್ಕೊಳ್ಳಿ, ಬೇಡ ಅನ್ನಲ್ಲ. ಮತ್ತೆ ಯಾವಾಗ ಮಾತಾಡ್ತೀರಿ ಅಂತ ಹೇಳಿ ಮಾಡ್ಕೊಳ್ಳಿ."

ನಲವತ್ತರಲ್ಲಿ ಮಾತು ಕಲಿಯುವುದೆಂದರೆ ತಮಾಷೆಯಲ್ಲ. ಕೋಪ ಬಂದಿದೆ, ಊಟದ ಹೊತ್ತಿಗೆ ಮಾತಾಡ್ತೀನಿ ಎನ್ನುವುದನ್ನು ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡು ಬರುತ್ತಿದ್ದೆ. ಚಿಕಿತ್ಸೆ ವರ್ಷಗಟ್ಟಲೆ ನಡೆಯಿತು. ನಡುವೆ ಮತ್ತೆರಡು ಸಲ ನನ್ನ ಎದೆ ನಡುಗಿಸಿದಳು.

ಈಗ ಕಾಡುಗೋಡಿಯಲ್ಲಿ ರೂಮು ಮಾಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದಾಳೆ. ನಿನ್ನೆ ಫೋನಿನಲ್ಲಿ ಅವಳ ಗೆಳೆಯನ ಬಗ್ಗೆ ಕೊಂಕು ಆಡಿದೆ. ನನ್ನ ನಾಲಿಗೆ ಸುಮ್ಮನಿರಬೇಕಲ್ಲ. ಪಟ್ಟನೆ ಕಟ್ ಮಾಡಿದಳು. ಹಳೆಯ ಭಯ ಎದ್ದುಬಂತು. ಐದು ನಿಮಿಷ ಫೋನನ್ನೇ ನೋಡುತ್ತ ನಿಂತೆ. ಅದು ಮತ್ತೆ ಹೊಡೆದುಕೊಂಡಿತು.

"ಅಮ್ಮ, ತುಂಬಾ ಕೋಪ ಬಂದಿದೆ. ಇವತ್ತು ನಿನ್ ಜೊತೆ ಮಾತಾಡಲ್ಲ. ನಾಳೆ ಸಂಜೆ ಏಳಕ್ಕೆ ಫೋನ್ ಮಾಡ್ತೀನಿ. ಸರಿನಾ?"

ಸರಿ ಎಂದೆ. ಈಗ ಆರೂ ಐವತ್ತು. ಮಾಡುತ್ತಾಳೆ.