ಪ್ಲಗ್ ಕಿತ್ತ ಮೇಲೂ ಏರಿದ ಮುಳ್ಳು

ಕಟ್ಟಿ ಹೇಳುವುದಾಗಿದ್ದರೆ ನನ್ನನ್ನು ಒಂಚೂರು ಒಳ್ಳೆಯವನನ್ನಾಗಿ ಮಾಡಿಕೊಂಡು ಹೇಳುತ್ತಿದ್ದೆ. ಇದರಲ್ಲಿ ನಾನು ಮಾಡಿದ್ದು ನಾಚಿಕೆಗೇಡಿನ ಕೆಲಸ. ಅದನ್ನು ಮುಚ್ಚಿಟ್ಟು ಬರೀ ಹೆದರಿಕೆಯ ಭಾಗ ಹೇಳೋಣವೆಂದು ಎಷ್ಟೋ ಸಲ ನೋಡಿದೆ, ಆಗಲಿಲ್ಲ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ನಾನು ಕೊತ್ತತ್ತಿಯವನು. ಮಿಲಿಟರಿ ವರ್ಕ್‌ಶಾಪಿನಲ್ಲಿ ರೇಡಿಯೋ ರಿಪೇರಿ ಕಲಿತು ಬಂದು ಮದ್ದೂರಿನಲ್ಲಿ ಅಂಗಡಿ ಇಟ್ಟಿದ್ದೆ. ಮಳವಳ್ಳಿಯಲ್ಲಿ ಆಗ ಒಂದು ಟೆಂಟ್ ಸಿನಿಮಾ ಇತ್ತು. ಅದರ ಆಪರೇಟರ್ ಆತಗೂರಿನ ಕೆಂಪಣ್ಣ, ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಟೆಂಟಿನ ಆಂಪ್ಲಿಫೈಯರ್ ನೋಡಿಕೊಳ್ಳುವ ಕೆಲಸ ನನಗೆ ಸಿಕ್ಕಿದ್ದೇ ಅವನು ಟೆಂಟಿನ ಮಾಲೀಕರಾದ ಸಾಹುಕಾರರ ಹತ್ತಿರ ಹೇಳಿದ್ದರಿಂದ.

ಸಂಜೆ ಅಕ್ಕಿ ಗಿರಣಿಗಳು ಓಡುವಾಗ ಊರಿನ ಕರೆಂಟು ಸೊರಗುತ್ತಿತ್ತು, ಗಿರಣಿ ನಿಂತ ಮೇಲೆ ಉಕ್ಕುತ್ತಿತ್ತು. ಅದರ ಜೊತೆ ಹಾಡೂ ಕುಗ್ಗಿ ಹಿಗ್ಗಿ ಕೇಳಿಸುತ್ತಿತ್ತು. ಅದಕ್ಕೆಂದೇ ನಾನು ಕೈಯಾರೆ ಒಂದು ರೆಗ್ಯುಲೇಟರ್ ಕಟ್ಟಿದೆ. ಆಂಪ್ಲಿಫೈಯರಿನ ವಾಲ್ವುಗಳಿಗೆ ಹೋಗುವ ವೋಲ್ಟೇಜು ಮುನ್ನೂರರಲ್ಲೇ ನಿಲ್ಲುವಂತೆ ನೋಡಿಕೊಳ್ಳುವ ಪೆಟ್ಟಿಗೆ ಅದು. ವೋಲ್ಟೇಜು ತೋರಿಸಲು ಹೊರಗೆ ಒಂದು ಮುಳ್ಳಿನ ಮೀಟರು, ಹೊಂದಿಸಲು ಒಳಗೆ ಒಂದು ಸ್ಕ್ರೂ. ಹೊಂದಿಸಿದ ಮೇಲೆ ಅದರ ತಲೆಯ ಮೇಲೆ ಒಂದು ತೊಟ್ಟು ಕೆಂಪು ಅರಗು ಬಿಡುವುದು ನಮ್ಮ ಕಸುಬಿನ ಪದ್ಧತಿ. ಅರಗು ಒಡೆದಿದ್ದರೆ ಯಾರೋ ಕೈ ಹಾಕಿದ್ದಾರೆ ಎಂದರ್ಥ.

ಹದಿನೈದು ದಿನ ಚೆನ್ನಾಗಿ ನಡೆಯಿತು. ಆಮೇಲೆ ಕೆಂಪಣ್ಣ ಮದ್ದೂರಿನವರೆಗೂ ಹುಡುಕಿಕೊಂಡು ಬಂದ.

"ತಮ್ಮಾ, ಎರಡನೇ ಆಟದೊತ್ಗೆ ಮುಳ್ಳು ಮೇಲಕ್ಕೆ ಓಯ್ತದೆ ಕಣ್ಲಾ. ಮುನ್ನೂರು ಅನ್ನೋದು ಮುನ್ನೂರ ಮೂವತ್ತಾಯ್ತದೆ. ಒಸಿ ಬಂದು ನೋಡ್ಲಾ."

"ನಿನ್ ಕಣ್ಣೇ ಮೇಲಕ್ಕೋಗಿರ್ಬೇಕು, ಓಗಣ್ಣ" ಎಂದು ನಕ್ಕುಬಿಟ್ಟೆ. ನಾನು ಕಟ್ಟಿದ್ದು ಕೆಡುವುದುಂಟೇ ಎಂಬ ಕೊಬ್ಬು ನನಗೆ.

ಮೂರನೇ ದಿನ ಆಟದ ನಡುವೆಯೇ ವಾಲ್ವುಗಳು ಸುಟ್ಟುಹೋದವು. ಜನ ಬೆಂಚು ಮುರಿದರು, ಪರದೆಗೆ ಕಲ್ಲು ತೂರಿದರು. ಬೆಳಿಗ್ಗೆ ಸಾಹುಕಾರರು ನನ್ನನ್ನು ಕರೆಸಿದರು. ಅವರು ಪ್ರೊಜೆಕ್ಟರ್ ಕೋಣೆಯ ಬಾಗಿಲಲ್ಲಿ ಕೆಂಪಣ್ಣನನ್ನು ಬೈಯುತ್ತ ನಿಂತಿದ್ದಾಗ ನಾನು ಪೆಟ್ಟಿಗೆ ಬಿಚ್ಚಿದೆ.

ನೋಡಿದ ತಕ್ಷಣ ಗೊತ್ತಾಯಿತು. ವೋಲ್ಟೇಜನ್ನು ಅಳೆಯುವ ರೆಸಿಸ್ಟರನ್ನು ನಾನು ಬಿಸಿ ವಾಲ್ವಿನ ಮಗ್ಗುಲಿಗೇ ಬೆಸೆದಿದ್ದೆ. ಅದು ಕಾದಂತೆಲ್ಲ ವೋಲ್ಟೇಜು ಏರಿದೆ. ತಪ್ಪು ಪೂರ್ತಿ ನನ್ನದು. ಸ್ಕ್ರೂ ಮೇಲಿನ ಅರಗು ಇಟ್ಟ ಹಾಗೇ ಇತ್ತು.

ಹೆಬ್ಬೆರಳಿನ ಉಗುರು ಒತ್ತಿ ಆ ಅರಗನ್ನು ಒಡೆದೆ. ಆಮೇಲೆ ಕರೆದೆ.

"ನೋಡಿ ಸಾವ್ಕಾರ್ರೇ, ಅರಗು ಒಡ್ದದೆ. ಯಾರೋ ಸ್ಕ್ರೂ ತಿರುಗ್ಸವ್ರೆ."

ಆ ಕೋಣೆಯ ಬೀಗದ ಕೈ ಇದ್ದದ್ದು ಕೆಂಪಣ್ಣನ ಹತ್ತಿರ ಮಾತ್ರ.

"ಮಾದಪ್ಪನಾಣೆ, ನಾನು ಮುಟ್ಟಿಲ್ಲ ಬುದ್ಧಿ" ಎಂದ. ಸಾಹುಕಾರರು ಅವನನ್ನು ಕೆಲಸದಿಂದ ತೆಗೆದರು. ಟವಲನ್ನು ಹೆಗಲ ಮೇಲೆ ಹಾಕಿಕೊಂಡು ಹೊರಟುಹೋದ.

ವಾರದ ಮೇಲೆ ಹೊಸ ವಾಲ್ವು ಬಂದವು. ರೆಸಿಸ್ಟರನ್ನು ಯಾರಿಗೂ ಹೇಳದೆ ದೂರಕ್ಕೆ ಸರಿಸಿ ಬೆಸೆದೆ. ಮೂರು ನಾಲ್ಕು ಗಂಟೆ ಓಡಿಸಿದರೆ ಮಾತ್ರ ಮುಳ್ಳು ಏರುತ್ತದೋ ಇಲ್ಲವೋ ತಿಳಿಯುತ್ತದೆ, ಅದೂ ಗಿರಣಿ ನಿಂತ ಮೇಲೆ. ಹಾಗಾಗಿ ರಾತ್ರಿ ಒಬ್ಬನೇ ಕೂತೆ. ಆಟ ಇರಲಿಲ್ಲ. ಖಾಲಿ ಟೆಂಟಿನಲ್ಲಿ ಬೀಡಿಯ ಹಳೇ ವಾಸನೆ, ಹೊರಗೆ ಕಬ್ಬಿನ ಗರಿಯ ಸರಸರ...

ಹತ್ತು ಗಂಟೆಗೆ ಮುನ್ನೂರು. ಹನ್ನೊಂದಕ್ಕೂ ಮುನ್ನೂರು. ಗೆದ್ದೆ ಅಂದುಕೊಂಡೆ.

ಹನ್ನೆರಡರ ಹೊತ್ತಿಗೆ ಮುಳ್ಳು ಅಲುಗಿತು. ಮುನ್ನೂರ ಐದು... ಹತ್ತು... ಮೂವತ್ತು... ಮರದ ಕಡ್ಡಿಯ ತುದಿಗೆ ಉಷ್ಣಮಾಪಕ ಕಟ್ಟಿ ರೆಸಿಸ್ಟರಿಗೆ ತಾಗಿಸಿ ನೋಡಿದೆ. ತಣ್ಣಗಿತ್ತು. ಅದೇ ಹೊತ್ತಿಗೆ ಅರಗು ಕರಗಿದ ವಾಸನೆ ಮೂಗಿಗೆ ಬಡಿಯಿತು. ಅರಗಿನ ಕಡ್ಡಿಯನ್ನು ನಾನು ತಂದೇ ಇರಲಿಲ್ಲ, ಅದು ಮದ್ದೂರಿನ ಅಂಗಡಿಯಲ್ಲಿತ್ತು.

ಏನೋ ಸುಡುತ್ತಿದೆ ಎಂದು ಸ್ವಿಚ್ ಆರಿಸಿ, ಪ್ಲಗ್ಗನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ಮುಳ್ಳು ಇಳಿಯತೊಡಗಿತು. ಇನ್ನೂರು... ನೂರು... ನಲವತ್ತು. ಇಳಿಯಬೇಕಾದ್ದೇ.

ನಲವತ್ತರಲ್ಲಿ ನಿಂತಿತು. ಆಮೇಲೆ ಮೇಲಕ್ಕೆ ಹೊರಟಿತು.

ನೂರು... ಇನ್ನೂರು... ಮುನ್ನೂರು. ಅಲ್ಲಿ ನಿಂತಿತು. ಕರೆಂಟು ಇದ್ದಾಗಲೂ ಅಷ್ಟು ಸ್ಥಿರವಾಗಿ ನಿಂತದ್ದನ್ನು ನಾನು ಕಂಡಿರಲಿಲ್ಲ. ಪ್ಲಗ್ಗು ನನ್ನ ಕೈಯಲ್ಲೇ ಇತ್ತು.

ಆಗ ಪರದೆಯ ಹಿಂದಿನ ಧ್ವನಿವರ್ಧಕದ ಹಾರ್ನಿನಲ್ಲಿ ಸದ್ದಾಯಿತು... ಯಾರೋ ಉಸಿರೆಳೆದುಕೊಂಡರು. ಏನೋ ಹೇಳಲು ಹೊರಟವರು ಎಳೆದುಕೊಳ್ಳುತ್ತಾರಲ್ಲ, ಅಂಥ ಉಸಿರು. ಮಾತು ಮಾತ್ರ ಬರಲಿಲ್ಲ.

"ಯಾರು?" ಎಂದೆ.

ಮತ್ತೊಮ್ಮೆ ಉಸಿರು. ಕಾಯುತ್ತಿರುವ ಉಸಿರು.

"ಕೆಂಪಣ್ಣಾ?"

ಆ ಉಸಿರು ನಿಂತುಹೋಯಿತು. ಬ್ಯಾಟರಿ ದೀಪ ಹಿಡಿದು ಪೆಟ್ಟಿಗೆಯೊಳಗೆ ಬೆಳಕು ಬಿಟ್ಟೆ. ನಾನು ಒಡೆದಿದ್ದ ಅರಗು ಸ್ಕ್ರೂ ಮೇಲೆ ದುಂಡಗೆ, ಬಿರುಕಿಲ್ಲದೆ ಕೂತಿತ್ತು. ಕಡ್ಡಿಯಿಂದ ಮುಟ್ಟಿದೆ, ಇನ್ನೂ ಮೆತ್ತಗಿತ್ತು...

ಬೆಳಗಾಗುವವರೆಗೆ ಬಸ್ಸು ನಿಲ್ಲುವ ಜಾಗದಲ್ಲಿ ಮುದುರಿ ಕೂತಿದ್ದು, ಮೊದಲ ಬಸ್ಸು ಹತ್ತಿ, ಇಳಿದು ನಡೆದು ಆತಗೂರಿಗೆ ಹೋದೆ. ಅವನಿಗೇನಾದರೂ ಆಗಿದೆಯೇ ಎಂದು ದಾರಿಯುದ್ದಕ್ಕೂ ಹೆದರಿದ್ದೆ. ಏನೂ ಆಗಿರಲಿಲ್ಲ. ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ.

"ರಾತ್ರಿ ಮಳವಳ್ಳಿಗೆ ಬಂದಿದ್ಯಾ ಅಣ್ಣ?"

"ನಾನ್ಯಾಕ್ಲಾ ಬರ್ಲಿ? ಇಲ್ಲೇ ಮನಗಿದ್ದೆ."

"ಅರಗು ಒಡ್ದಿದ್ದು ನಾನೇ ಕಣಣ್ಣ." ಹೇಳುವಾಗ ಅಳು ಬಂತು.

ಅವನು ಹಗ್ಗದಿಂದ ಕಣ್ಣು ಎತ್ತಲಿಲ್ಲ. "ಗೊತ್ತು. ನಿನ್ ಉಗುರ್ನಲ್ಲಿ ಕೆಂಪುಗೆ ಮೆತ್ಕಂಡಿತ್ತಲ್ಲ, ಆವತ್ತೇ ಕಂಡೆ."

"ಮತ್ತೆ ಅಲ್ಲೇ ಯಾಕೆ ಏಳ್ಲಿಲ್ಲ?"

"ನೀನೇ ಏಳ್ತೀಯ ಅಂತ ನೋಡ್ದೆ."

"ಈಗ ಏಳ್ದ್ನಲ್ಲಣ್ಣ..."

"ನಂಗೇಳಿ ಏನ್ಲಾ ಬಂತು? ನಂಗೆ ಗೊತ್ತಿದ್ದದ್ದೇ. ಸಾವ್ಕಾರ್ರಿಗೆ ಏಳೋಗು."

ಅಲ್ಲಿಂದ ನೇರ ಮಳವಳ್ಳಿಗೆ ಹೋದೆ. ಹೇಳುವ ಮಾತನ್ನು ಬಸ್ಸಿನಲ್ಲಿ ನಾಲ್ಕು ಸಲ ಮನಸ್ಸಿನಲ್ಲೇ ಹೇಳಿಕೊಂಡೆ. ಸಾಹುಕಾರರು ಬೆಳಿಗ್ಗೆಯೇ ಬೇರೆಯವರಿಂದ ಪೆಟ್ಟಿಗೆಗೆ ಕರೆಂಟು ಹಾಕಿಸಿ ನೋಡಿದ್ದರಂತೆ. ಮುಳ್ಳು ಮುನ್ನೂರು ಬಿಟ್ಟು ಕದಲಿರಲಿಲ್ಲ. ಅರಗಿನ ಮಾತನ್ನು ಅವರು ಎತ್ತಲಿಲ್ಲ. ನನ್ನ ಬೆನ್ನು ತಟ್ಟಿದರು.

"ಅವ್ನು ತೊಲಗಿದ್ದೇ ಸರಿಹೋಯ್ತು ನೋಡು. ನೀನು ಹೇಳಿದ್ದೇ ನಿಜ, ಅಲ್ವಾ?"

"ಊಂ ಸಾವ್ಕಾರ್ರೇ" ಎಂದೆ.

ಕರೆಂಟು ಹಿಡಿದಿಟ್ಟುಕೊಳ್ಳುವ ಕಂಡೆನ್ಸರಿನಲ್ಲಿ ಉಳಿದ ವೋಲ್ಟೇಜು ಒಂದಿಷ್ಟು ಮರಳಿ ಏರುವುದುಂಟು ಎಂದು ಆಮೇಲೆ ಬಲ್ಲವರು ಹೇಳಿದರು. ಮುನ್ನೂರರವರೆಗೂ ಏರೀತೇ ಎಂದರೆ ನಗುತ್ತಾರೆ. ಅರಗಿನ ವಿಷಯ ಕೇಳಿದರೆ ಮಾತು ಬದಲಿಸುತ್ತಾರೆ. ಆ ಉಸಿರು ಯಾರದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ... ಕೆಂಪಣ್ಣ ಮತ್ತೆ ಆಪರೇಟರ್ ಆಗಲಿಲ್ಲ. ಸಾಹುಕಾರರು ಆಮೇಲೂ ಹನ್ನೆರಡು ವರ್ಷ ಬದುಕಿದ್ದರು. ಅವರ ಮನೆಗೆ ನಾನು ತಿಂಗಳಿಗೊಮ್ಮೆಯಾದರೂ ಹೋಗುತ್ತಿದ್ದೆ.