ಕಾಲುವೆ ದಾಟಿಸಿದ ಕೈ

ಇದನ್ನು ಓದಿ ನೀವು ನನ್ನ ಬಗ್ಗೆ ಏನಂದುಕೊಳ್ಳುತ್ತೀರೋ ಎಂಬ ಅಳುಕಿನಲ್ಲೇ ಇಷ್ಟು ವರ್ಷ ಬರೆಯದೆ ಉಳಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ದೆವ್ವ, ಮಾಟ, ಶಕುನ ಎಂಬ ಮಾತು ಬಂದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದವನೂ ನಾನೇ. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಬಂದರೆ, ಎಷ್ಟು ಗಂಟೆಯಾಗಿತ್ತು, ಬೆಳಕಿತ್ತೇ, ಊಟ ಮಾಡಿದ್ದಿರಾ ಎಂದು ವಕೀಲನ ಹಾಗೆ ಪ್ರಶ್ನೆ ಹಾಕಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ಆ ಪ್ರಶ್ನೆಗಳನ್ನು ನನಗೆ ನಾನೇ ಹಾಕಿಕೊಳ್ಳಬೇಕು. ಸಂಜೆ ನಾಲ್ಕೂವರೆ ಆಗಿತ್ತು. ಬೆಳಕು ಚೆನ್ನಾಗಿತ್ತು. ಮಿರಜಿನಲ್ಲಿ ಹೊಟ್ಟೆ ತುಂಬ ಊಟ ಮಾಡಿಕೊಂಡೇ ಬಂದಿದ್ದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಆಗ ಚಿಕ್ಕೋಡಿಯಲ್ಲಿ ಮಾಸ್ತರನಾಗಿದ್ದೆ. ನನ್ನ ಹೆಂಡತಿ ಶಾಂತಾಳ ತವರುಮನೆ ಕಾಗವಾಡದಿಂದ ಎರಡು ಮೈಲು ಒಳಗೆ, ತೋಟದಲ್ಲಿತ್ತು. ಒಂದು ಪಟ್ಟಿ ದ್ರಾಕ್ಷಿ ಬಿಟ್ಟರೆ ಕಣ್ಣು ಹಾಯಿಸಿದಷ್ಟೂ ಕಬ್ಬು. ಮಾವ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ ತಂಗೆವ್ವ, ಶಾಂತಾಳ ತಮ್ಮ ಅಣ್ಣಾಸಾಬ, ಅವನ ಹೆಂಡತಿ. ಶಾಂತಾ ಎರಡನೆಯ ಹೆರಿಗೆಗೆಂದು ಅಲ್ಲೇ ಇದ್ದಳು.

ಅತ್ತೆ ಹಳೆಯ ಕಾಲದವರು. ಮದುವೆಯಾಗಿ ಎಂಟು ವರ್ಷವಾದರೂ ಅಳಿಯನ ಎದುರು ಕೂತವರಲ್ಲ. ನನಗೇನಾದರೂ ಹೇಳಬೇಕಾದರೆ ಸೆರಗು ಹಣೆಯ ಮೇಲೆ ಎಳೆದುಕೊಂಡು, ಬಾಗಿಲ ಮರೆಯಲ್ಲಿ ನಿಂತು, ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದರು. ಅವರ ಬಲಗಣ್ಣು ಎಂದೋ ಹೋಗಿತ್ತು. ಎಡಗಣ್ಣಿಗೆ ಪೊರೆ ಬಂದು, ಆ ಚಳಿಗಾಲದಲ್ಲಿ ಮಿರಜಿನಲ್ಲಿ ಆಪರೇಶನ್ ಆಯಿತು. ಮನೆಗೆ ಕರೆತರುವ ಕೆಲಸ ನನ್ನ ಪಾಲಿಗೆ ಬಂತು. ಕಬ್ಬು ಕಡಿಯಲು ಸಕ್ಕರೆ ಫ್ಯಾಕ್ಟರಿಯ ಪಾಳಿ ಬಂದು ಅಣ್ಣಾಸಾಬ ಹೊಲ ಬಿಟ್ಟು ಕದಲುವ ಹಾಗಿರಲಿಲ್ಲ.

ಕರೆತರುವ ಹಿಂದಿನ ದಿನ ಸಂಜೆ ತೋಟದಲ್ಲಿ ಒಂದು ಮಾತು ನಡೆದಿತ್ತು. ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆಯಿಂದ ಬಂದಿದ್ದ ಕೂಲಿಗಳ ಟೋಳಿಯ ಹೆಂಗಸೊಬ್ಬಳು, ಕಾಲುವೆಯ ಆಚೆಯ ಕಬ್ಬಿನಲ್ಲಿ ಬಿಬಟ್ಯಾ ನೋಡಿದೆ ಎಂದು ಹೇಳಿದಳು. ಮರಾಠಿಯಲ್ಲಿ ಬಿಬಟ್ಯಾ ಎಂದರೆ ಚಿರತೆ. ಮಗುವಿಗೆ ಹಾಲೂಡಿಸುತ್ತ, ಯಾರ ಮುಖವನ್ನೂ ನೋಡದೆ, ಮೆಲ್ಲಗೆ ಹೇಳಿದ್ದಳು. ನಾನು ಎಲ್ಲರೆದುರು ನಕ್ಕೆ. ಇಲ್ಲಿ ಕಾಡಿಲ್ಲ, ಗುಡ್ಡವಿಲ್ಲ, ಚಿರತೆ ಏನು ಮಿರಜಿನಲ್ಲಿ ರೈಲು ಇಳಿದು ಬಂತೇ ಎಂದೆ. ಗಂಡಸರೆಲ್ಲ ನಕ್ಕರು. ಆಕೆ ಮಗುವನ್ನೆತ್ತಿಕೊಂಡು ಎದ್ದು ಹೋದಳು. ಅಣ್ಣಾಸಾಬ ಮಾತ್ರ ನನ್ನನ್ನು ಬದಿಗೆ ಕರೆದು ಹೇಳಿದ.

"ದಾಜಿ, ಇದ್ರೂ ಇರಬಹುದು. ನಾಳೆ ನೀವು ಸ್ಟ್ಯಾಂಡಿನಾಗ ಕುಂದರ್ರಿ. ಆರು ಗಂಟೇಕ್ಕ ನಾ ಗಾಡಿ ತರತೇನಿ. ಕಬ್ಬಿನ ಒಳಹಾದಿ ಹಿಡಿಬ್ಯಾಡ್ರಿ."

ಅಕ್ಕನ ಗಂಡನನ್ನು ಗಡಿಯ ಈ ಕಡೆಯೂ ದಾಜಿ ಎಂದೇ ಕರೆಯುತ್ತಾರೆ. ನಾನು ಹೂಂ ಎಂದಿದ್ದೆ.

ಮರುದಿನ ಅತ್ತೆಯನ್ನು ಕರೆದುಕೊಂಡು ಕಾಗವಾಡದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಇನ್ನೂ ನಾಲ್ಕು ಗಂಟೆ. ಎರಡು ತಾಸು ಕಾಯುವುದು ನನ್ನಿಂದ ಆಗಲಿಲ್ಲ. ಒಳಹಾದಿ ಹಿಡಿದರೆ ಅರ್ಧ ತಾಸಿನ ನಡಿಗೆ. ನಿಜ ಹೇಳಬೇಕೆಂದರೆ, ಚಿರತೆಯ ಮಾತನ್ನು ಸುಳ್ಳು ಮಾಡಿ ತೋರಿಸುವ ಹಟವೂ ಒಳಗಿತ್ತು. "ಹೋಗೂಣಲ್ಲ ಅತ್ತಿ?" ಎಂದು ಕೇಳಿದೆ. "ನೀವು ಹ್ಯಾಂಗಂತೀರಿ ಹಂಗ," ಎಂದರು.

ಎಡಗಣ್ಣಿನ ಮೇಲೆ ದಪ್ಪನೆಯ ಹತ್ತಿ, ಅದರ ಮೇಲೆ ಪಟ್ಟಿ, ಅದರ ಮೇಲೆ ಹಸಿರು ಬಟ್ಟೆ. ಅವರಿಗೆ ಏನೂ ಕಾಣುತ್ತಿರಲಿಲ್ಲ. ನಾನು ಕೈ ಚಾಚಿದೆ. ಕೈ ತಾಗುತ್ತಲೇ ಅವರು ಹಿಂದೆಗೆದರು. "ಬ್ಯಾಡ್ರಿ, ಟವೆಲ್ ಕೊಡ್ರಿ," ಎಂದರು. ನನ್ನ ಹೆಗಲ ಮೇಲಿನ ಟವೆಲಿನ ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು. ಹಾಗೆ ಹೊರಟೆವು. ನನ್ನ ಕಾಲಿನಲ್ಲಿ ಬೂಟು, ಅವರದು ಬರಿಗಾಲು. ಮಿರಜಿಗೂ ಬರಿಗಾಲಲ್ಲೇ ಹೋಗಿದ್ದರು.

ಒಳಹಾದಿಯ ಎರಡೂ ಕಡೆ ಕಬ್ಬು ಆಳೆತ್ತರ ಮೀರಿ ನಿಂತಿತ್ತು. ಬಲಗಡೆ ಒಂದಷ್ಟು ದೂರದಲ್ಲಿ ಕಾಲುವೆ. ಎಲ್ಲೋ ಬೆಲ್ಲದ ಗಾಣ ನಡೆದಿತ್ತು, ಕಾದ ಕಬ್ಬಿನ ಹಾಲಿನ ವಾಸನೆ ಬರುತ್ತಿತ್ತು. ಕಾಲುವೆಯ ಹತ್ತಿರ ಬಂದಾಗ, ಎಡಗಡೆಯ ಕಬ್ಬಿನಿಂದ ಅದು ಹಾದಿಗೆ ಬಂತು.

ಮೊದಲು ನಾಯಿ ಅಂದುಕೊಂಡೆ. ಬಾಲ ನೋಡಿದ ಮೇಲೆ ಚಿರತೆ ಎಂದು ಗೊತ್ತಾಯಿತು. ಇಪ್ಪತ್ತು ಹೆಜ್ಜೆ ದೂರ ಇರಬಹುದು. ಹಳದಿ ಮೈ, ಕಪ್ಪು ಚುಕ್ಕೆ, ಹೊಟ್ಟೆಗೆ ಮೆತ್ತಿದ ಕೆಸರು. ಅದು ಗುರ್ರೆನ್ನಲಿಲ್ಲ, ಹಲ್ಲು ತೋರಿಸಲಿಲ್ಲ. ನಮ್ಮ ಕಡೆ ತಿರುಗಿ, ಹಾದಿಯ ನಡುವೆ ಕೂತಿತು. ಮನೆಯ ಬೆಕ್ಕು ಹೊಸ್ತಿಲಲ್ಲಿ ಕೂತ ಹಾಗೆ.

"ಯಾಕ ನಿಂತ್ರಿ ಅಳಿಯಾರ?" ಎಂದರು ಅತ್ತೆ.

ನಾನು ಟವೆಲ್ ಬಿಟ್ಟೆ. ತಿರುಗಿ ಓಡಿದೆ.

ಇದನ್ನು ಇದಕ್ಕಿಂತ ಮೆತ್ತಗೆ ಹೇಳಲು ನನಗೆ ಬರುವುದಿಲ್ಲ. ಗೊತ್ತಿಲ್ಲದೆ ಓಡಿದೆ ಎಂದರೂ ಸುಳ್ಳಾಗುತ್ತದೆ. ಓಡುವಾಗ ನನಗೆ ಎಲ್ಲ ಗೊತ್ತಿತ್ತು. ಕಣ್ಣು ಕಾಣದ ಹೆಂಗಸು ಟವೆಲಿನ ತುದಿ ಹಿಡಿದು ಹಾದಿಯಲ್ಲಿ ನಿಂತಿದ್ದಾಳೆ ಎಂಬುದು ಗೊತ್ತಿತ್ತು. ಚಿರತೆ ಅವರನ್ನು ಹಿಡಿದರೆ ನನ್ನ ಬೆನ್ನು ಹತ್ತುವುದಿಲ್ಲ ಎಂಬ ಲೆಕ್ಕವೂ ತಲೆಯಲ್ಲಿ ಬಂದು ಹೋಯಿತು.

ಒಂದು ಅಡ್ಡಹಾದಿ ಹಿಡಿದು ಸುತ್ತಿಕೊಂಡು ಟೋಳಿಯವರು ಕಡಿಯುತ್ತಿದ್ದ ಹೊಲಕ್ಕೆ ಬಂದೆ. ಕಾಲು ತಾಸಾದರೂ ಆಗಿರಬೇಕು. "ಅತ್ತಿ... ಹಾದ್ಯಾಗ..." ಎಂದಷ್ಟೇ ಅಂದೆ. ಅಣ್ಣಾಸಾಬನಿಗೆ ಅಷ್ಟು ಸಾಕಾಯಿತು. ಅವನೂ, ಟೋಳಿಯ ಹತ್ತು ಹನ್ನೆರಡು ಜನರೂ ಕೈಯಲ್ಲಿದ್ದ ಕಬ್ಬು ಕಡಿಯುವ ಕೊಯಿತಾ ಹಿಡಿದುಕೊಂಡೇ ಕೂಗುತ್ತ ಓಡಿದರು. ನಾನು ಎಲ್ಲರ ಹಿಂದೆ ಇದ್ದೆ. ನೋಡಬೇಕಾದದ್ದನ್ನು ಬೇರೆಯವರು ಮೊದಲು ನೋಡಲಿ ಎಂದು ಬೇಕೆಂದೇ ಹಿಂದೆ ಉಳಿದಿದ್ದೆ.

ಹಾದಿಯಲ್ಲಿ ಅತ್ತೆ ಇರಲಿಲ್ಲ. ಚಿರತೆಯೂ ಇರಲಿಲ್ಲ. ಅಣ್ಣಾಸಾಬ "ಅವ್ವಾ!" ಎಂದು ಕಿರುಚಿದ.

"ಇಲ್ಲೇ ಅದೇನಪಾ," ಎಂದು ದನಿ ಬಂತು.

ಕಾಲುವೆಯ ಆಚೆಯ ಬದುವಿನ ಮೇಲೆ, ಬೇವಿನ ಗಿಡಕ್ಕೆ ಆತುಕೊಂಡು ಅವರು ನಿಂತಿದ್ದರು. ಟವೆಲನ್ನು ಮಡಚಿ ಕೈಯಲ್ಲಿ ಹಿಡಿದಿದ್ದರು. ಕಾಲುವೆಯಲ್ಲಿ ತೊಡೆಮಟ್ಟ ನೀರು ಹರಿಯುತ್ತಿತ್ತು. ದಾಟಲು ಇದ್ದದ್ದು ಒಂದು ಜಾಲಿಯ ದಿಮ್ಮಿ ಮಾತ್ರ, ಒಂದು ಗೇಣು ಅಗಲದ್ದು. ಕಣ್ಣಿದ್ದವರೂ ಅದರ ಮೇಲೆ ಕೈ ಚಾಚಿಕೊಂಡು ತೂಕ ನೋಡಿ ನಡೆಯುತ್ತಿದ್ದರು. ಅತ್ತೆಯ ಕಾಲು ಒದ್ದೆಯಾಗಿರಲಿಲ್ಲ. ಸೀರೆಯ ಅಂಚೂ ನೆನೆದಿರಲಿಲ್ಲ.

ಅಣ್ಣಾಸಾಬ ದಾಟಿ ಹೋಗಿ ತಾಯಿಯನ್ನು ಅಪ್ಪಿಕೊಂಡ. "ಹ್ಯಾಂಗ ಬಂದಿ ಬೇ ಈ ಕಡೆ?"

"ಅಳಿಯಾರು ಕೈ ಹಿಡದು ದಾಟಿಸಿದ್ರು. ಆಮ್ಯಾಲ ನಿಮ್ಮನ್ನ ಕರಿಯಾಕ ಹ್ವಾದ್ರು. ಏನಾಗೇತಿ? ಯಾಕ ಇಷ್ಟ ಗದ್ದಲಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಟೋಳಿಯ ಮುಖ್ಯಸ್ಥ ಮುಕಾದಮ ಬಂದು ನನ್ನ ಎರಡೂ ಹೆಗಲು ಹಿಡಿದು, ಶಾಬ್ಬಾಸ್ ಮಾಸ್ತರ್ ಎಂದ. ಅಣ್ಣಾಸಾಬನ ಕಣ್ಣಲ್ಲಿ ನೀರು. ಅವನು ನನ್ನ ಕಾಲು ಮುಟ್ಟಲು ಬಗ್ಗಿದ. ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ನನ್ನ ಬಾಯಿಂದ ಬಂದದ್ದು, "ಇರ್ಲಿ ಬಿಡೋ," ಎಂಬ ಮಾತು.

ಮರುದಿನ ಜಂಗಲ್ ಖಾತೆಯವರು ಬಂದು ಹೆಜ್ಜೆಗುರುತು ನೋಡುತ್ತಾರೆ ಎಂದು ಸುದ್ದಿ ಬಂತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಬಯಲಕಡೆಗೆ ಹೊರಟವನ ಹಾಗೆ ತಂಬಿಗೆ ಹಿಡಿದು ಅಲ್ಲಿಗೆ ಹೋದೆ. ಹಾದಿಯ ಮಣ್ಣು ಹಸಿಯಾಗಿತ್ತು. ನಿನ್ನೆ ಓಡಿ ಬಂದವರು ಆಚೆ ತುದಿಯಿಂದ ಬಂದು, ಕಾಲುವೆಯ ದಂಡೆಗುಂಟ ದಿಮ್ಮಿಗೆ ಹೋಗಿದ್ದರಿಂದ ಈ ಜಾಗವನ್ನು ತುಳಿದಿರಲಿಲ್ಲ. ನನ್ನ ಬೂಟಿನ ಗುರುತು ಒಂದೊಂದೂ ಸ್ಪಷ್ಟವಾಗಿತ್ತು. ಬಂದದ್ದು, ನಿಂತದ್ದು, ತಿರುಗಿದ್ದು, ಮಾರು ಮಾರು ದೂರಕ್ಕೊಂದರಂತೆ ಓಡಿದ್ದು. ಯಾರು ನೋಡಿದರೂ ತಿಳಿಯುವ ಹಾಗಿತ್ತು. ಓಡಿದ ಹೆಜ್ಜೆಗಳನ್ನೆಲ್ಲ ನಾನು ಕಾಲಿನಿಂದ ಉಜ್ಜಿ ಅಳಿಸಿದೆ.

ಅಳಿಸುತ್ತಲೇ ಉಳಿದದ್ದನ್ನು ನೋಡಿದೆ. ನಾವು ನಿಂತಿದ್ದ ಜಾಗದಿಂದ ಅತ್ತೆಯ ಬರಿಗಾಲಿನ ಗುರುತು ಕಾಲುವೆಯ ದಿಮ್ಮಿಯವರೆಗೆ ನೇರವಾಗಿ ಹೋಗಿತ್ತು. ತಡವರಿಸಿದ್ದಿಲ್ಲ, ಎಡವಿದ್ದಿಲ್ಲ. ಅವುಗಳ ಪಕ್ಕದಲ್ಲಿ ಮತ್ತೊಬ್ಬ ಮನುಷ್ಯನ ಹೆಜ್ಜೆ ಇರಲಿಲ್ಲ. ಮೂರು ಸಲ ಬಗ್ಗಿ ನೋಡಿದೆ. ಚಿರತೆಯ ಪಂಜದ ಗುರುತು ಮಾತ್ರ ಇತ್ತು. ಅವರ ಹೆಜ್ಜೆಯ ಎಡಕ್ಕೆ, ಮೊಳದಷ್ಟು ದೂರದಲ್ಲಿ, ದಿಮ್ಮಿಯವರೆಗೂ ಬಂದು, ಅಲ್ಲಿಂದ ಕಬ್ಬಿಗೆ ಹೊರಳಿತ್ತು. ಅದು ಅವರ ಜೊತೆಗೇ ನಡೆದಿತ್ತೋ, ಅವರು ದಾಟಿದ ಮೇಲೆ ವಾಸನೆ ಹಿಡಿದು ಬಂದಿತ್ತೋ, ಹೇಳುವಷ್ಟು ತಿಳಿವಳಿಕೆ ನನಗಿರಲಿಲ್ಲ. ಆಮೇಲೆ ಬಂದ ಫಾರೆಸ್ಟ್ ಗಾರ್ಡನಿಗೂ ಇರಲಿಲ್ಲ. ಅವನು ಪಂಜದ ಅಳತೆ ಬರೆದುಕೊಂಡು, ಇದು ಚಿರತೆಯೇ, ಇಲ್ಲಿ ಹೇಗೆ ಬಂತೋ ಎಂದು ತಲೆ ಕೆರೆದುಕೊಂಡು ಹೋದ. ಆ ಪ್ರಾಣಿ ಮತ್ತೆ ಯಾರಿಗೂ ಕಾಣಿಸಲಿಲ್ಲ.

ಅತ್ತೆಯ ಪಟ್ಟಿ ಬಿಚ್ಚುವ ದಿನ ನನ್ನನ್ನು ಚಿಕ್ಕೋಡಿಯಿಂದ ಕರೆಸಿದರು. ಎಲ್ಲರಿಗಿಂತ ಮೊದಲು ಅಳಿಯನ ಮುಖ ನೋಡಬೇಕೆಂದು ಅವರ ಹಟ. ಪಟ್ಟಿ ಬಿಚ್ಚಿದಾಗ ಆ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ನಾನು ನೆಲ ನೋಡಿದೆ. "ನಾಚಕೋತಾರ ನೋಡ, ದೊಡ್ಡ ಮನಸಿನವರು," ಎಂದರು ಮಗಳಿಗೆ. ಅಂದಿನಿಂದ ಅವರು ಬಾಗಿಲ ಮರೆಗೆ ನಿಲ್ಲುವುದನ್ನು ಬಿಟ್ಟರು. ನನ್ನ ಪಕ್ಕದಲ್ಲಿ ಕೂತು ಮಾತಾಡುತ್ತಿದ್ದರು. ನಮ್ಮ ಶಾಲೆಗೂ ಸುದ್ದಿ ಮುಟ್ಟಿ, ಹೆಡ್‌ಮಾಸ್ತರರು ಪ್ರಾರ್ಥನೆಯ ಹೊತ್ತಿಗೆ ನನ್ನನ್ನು ನಿಲ್ಲಿಸಿ ಧೈರ್ಯದ ಬಗ್ಗೆ ನಾಲ್ಕು ಮಾತು ಹೇಳಿ ಎಂದರು. ಹೇಳಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಟೋಳಿಯ ಆ ಹೆಂಗಸಿಗೆ ನಿನ್ನ ಮಾತು ನಿಜವಾಗಿತ್ತು ಎಂದು ಹೇಳಬೇಕು ಎಂದುಕೊಳ್ಳುತ್ತಲೇ ಇದ್ದೆ. ಅಷ್ಟರಲ್ಲಿ ಟೋಳಿ ಬೇರೆ ಊರಿಗೆ ಹೋಗಿತ್ತು.

ಏಳು ವರ್ಷ ಹೀಗೆಯೇ ಕಳೆದವು. ಅತ್ತೆ ಹಾಸಿಗೆ ಹಿಡಿದರು. ಒಂದು ಬೇಸಿಗೆಯ ಮಧ್ಯಾಹ್ನ ಮನೆಯವರೆಲ್ಲ ಒಣದ್ರಾಕ್ಷಿಯ ಶೆಡ್ಡಿನಲ್ಲಿದ್ದರು. ನಾನು ಅತ್ತೆಯ ಹತ್ತಿರ ಬೀಸಣಿಗೆ ಹಿಡಿದು ಕೂತಿದ್ದೆ. ಅವರು ಕಣ್ಣು ಮುಚ್ಚಿದ್ದರು. ಮುಖ ನೋಡದೆ ಹೇಳುವುದಾದರೆ ಈಗಲೇ ಎಂದುಕೊಂಡೆ.

"ಅತ್ತಿ, ಅವತ್ತ ನಾ ನಿಮ್ಮನ್ನ ಬಿಟ್ಟ ಓಡಿದ್ನಿ."

"ಗೊತ್ತೈತ್ರಿ," ಎಂದರು. ಕಣ್ಣು ತೆರೆಯಲಿಲ್ಲ. "ಕಣ್ಣ ಕಟ್ಟಿದ್ರು, ಕಿವಿ ಕಟ್ಟಿದ್ರೇನ? ಬೂಟಿನ ಸಪ್ಪಳಾ ಕೇಳಸ್ತು. ಮನಶ್ಯಾ ಅಂದ ಮ್ಯಾಲ ಅಂಜತಾನ. ಆದ್ರ ತಿರಗಿ ಬಂದ್ರೆಲ್ಲಾ. ಬಂದ ಕೈ ಹಿಡದ್ರಿ. ಓಡಿದ್ದು ಮಂದೀಗೆ ಯಾಕ ಬೇಕಂತ ನಾ ಹೇಳಲಿಲ್ಲ."

ನನ್ನ ಕೈಯಲ್ಲಿ ಬೀಸಣಿಗೆ ನಿಂತಿತು. "ನಾ ತಿರಗಿ ಬರಲಿಲ್ಲ ಅತ್ತಿ. ಅಣ್ಣಾಸಾಬನ ಜೋಡಿನ ಬಂದಿದ್ದು."

ಅವರು ಕಣ್ಣು ತೆರೆದರು. ಬಹಳ ಹೊತ್ತು ನನ್ನನ್ನು ನೋಡಿದರು. ಕೋಪವಿರಲಿಲ್ಲ. ನಾನು ಸುಳ್ಳು ಹೇಳುತ್ತಿದ್ದೇನೋ ಎಂದು ಹುಡುಕುವ ನೋಟ ಅದು.

"ಹಂಗಾರ ಅದ್ಯಾರು?" ಎಂದರು.

"ನನಗ ಗೊತ್ತಿಲ್ರಿ."

"ನಿಮ್ಮದ ಅಂತ ಅನಕೊಂಡ್ನಿ ಅಳಿಯಾರ," ಎಂದರು. "ಆ ಕೈ ಭಾಳ ನಡಗತಿತ್ತು."

ಅಷ್ಟರಲ್ಲಿ ಶಾಂತಾ ಒಳಗೆ ಬಂದಳು. ಮಾತು ಅಲ್ಲಿಗೆ ನಿಂತಿತು. ಮತ್ತೆ ಅವರಾಗಿ ಎತ್ತಲಿಲ್ಲ, ಕೇಳುವ ಧೈರ್ಯ ನನಗೂ ಆಗಲಿಲ್ಲ. ಮಳೆಗಾಲಕ್ಕೆ ಮುಂಚೆ ಅವರು ಹೋದರು.

ಕಣ್ಣಿಲ್ಲದವರಿಗೆ ಹೆದರಿಕೆಯಲ್ಲಿ ಹಾಗೆ ಅನ್ನಿಸಿರಬಹುದು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಅವರು ಹೆದರಿರಲೇ ಇಲ್ಲ, ಎದುರಿಗೆ ಏನು ಕೂತಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಇನ್ನು ಆ ದಿಮ್ಮಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಮ್ಮೆ ಅದರ ಮೇಲೆ ನಡೆಯಲು ನೋಡಿದ್ದೇನೆ, ಯಾರೂ ಇಲ್ಲದಾಗ. ಮೂರನೆಯ ಹೆಜ್ಜೆಗೆ ನೀರಿಗೆ ಬಿದ್ದೆ. ಇದಕ್ಕಿಂತ ಹೆಚ್ಚು ನನಗೇನೂ ತಿಳಿದಿಲ್ಲ.

ಶಾಂತಾ ಈಗಲೂ ಮೊಮ್ಮಕ್ಕಳಿಗೆ, ನಿಮ್ಮ ಅಜ್ಜ ಚಿರತೆಯ ಬಾಯಿಂದ ಮುತ್ತಜ್ಜಿಯನ್ನು ಬಿಡಿಸಿದ್ದರು ಎಂದು ಕತೆ ಹೇಳುತ್ತಾಳೆ. ನಾನು ಪಕ್ಕದಲ್ಲೇ ಕೂತು ಕೇಳುತ್ತೇನೆ. ಅವಳಿಗೆ ಇದನ್ನು ಹೇಳಿಲ್ಲ. ನಾನು ಬರೆದದ್ದನ್ನೆಲ್ಲ ಮೊದಲು ಓದುವವಳು ಅವಳೇ. ಇದನ್ನು ಅವಳ ಕೈಗೆ ಕೊಡಬೇಕು.