ದೇವರಿಗೆ ವಿಳಾಸ ಹೇಳುವವನು

ಪ್ರಾರ್ಥನೆ ಮಾಡುವಾಗ ನಾನು ದೇವರಿಗೆ ವಿಳಾಸ ಹೇಳುತ್ತೇನೆ. ಇದು ಅಪನಂಬಿಕೆಯಲ್ಲ, ಅಭ್ಯಾಸಬಲ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಅಪ್ಪ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತು, ಅಮ್ಮ ಬೀಡಿ ಕಟ್ಟಿ ಓದಿಸಿದರು. ಇದನ್ನು ನಾನು ಕೇಳದವರಿಗೂ ಹೇಳುತ್ತೇನೆ. ಬಿ.ಎಸ್ಸಿ. ಮುಗಿಯುವ ಮೊದಲೇ ಓಣಿಯವರ ರೇಷನ್ ಕಾರ್ಡು, ವಿಧವಾ ವೇತನ, ನಳ್ಳಿ ನೀರು, ಎಲ್ಲದರ ಅರ್ಜಿಯೂ ನನ್ನ ಪಾಲಿಗೆ ಬಂದಿತ್ತು. ಹೆಸರು, ವಿಳಾಸ, ಕಾರಣ, ಕೊನೆಗೆ ‘ತಮ್ಮ ವಿಧೇಯ’. ಒಂದು ಬಿಟ್ಟುಹೋದರೂ ಅರ್ಜಿ ವಾಪಸು. ಹಾಗೆ ಪಳಗಿದವನು ಕೈಮುಗಿದರೆ ಬಾಯಿಂದ ಮತ್ತೇನು ಬಂದೀತು?

ಮಂಗಳೂರು ಕಡೆಯ ನಾಲ್ಕೈದು ಕ್ರೈಸ್ತ ಕುಟುಂಬಗಳು ತಿಂಗಳಿಗೊಮ್ಮೆ ಇಲ್ಲಿ ಅಮೆರಿಕದ ಲಿನ್‌ವುಡ್‌ನಲ್ಲಿ ಐರಿನ್ ಅಕ್ಕನ ಅಪಾರ್ಟ್‌ಮೆಂಟಿನಲ್ಲಿ ಸೇರುತ್ತೇವೆ. ಊಟಕ್ಕೆ ಮೊದಲಿನ ಪ್ರಾರ್ಥನೆ ನನ್ನ ಸರದಿಯಾದರೆ ಅಕ್ಕ ಕೋಳಿ ಸಾರನ್ನು ಒಲೆಯಿಂದ ಇಳಿಸುವುದೇ ಇಲ್ಲ. ಒಮ್ಮೆ ಆಮೆನ್ ಆದದ್ದೇ ತಡ, “ಅಲ್ಲ ಮಾರಾಯ, ಝಿಪ್ ಕೋಡ್ ಸಹ ಹೇಳ್ತಿಯಲ್ಲ, ದೇವರು ಎಂತ ಕೊರಿಯರ್‌ನವನಾ?” ಎಂದರು. ಅಕ್ಕನ ಮಾತಿನಲ್ಲಿ ದೇವಶಾಸ್ತ್ರವಿದೆ. ಬೈಬಲಿನಲ್ಲಿ ಅಲೆಗಳ ಮೇಲೆ ನಡೆಯಹೋಗಿ ಮುಳುಗತೊಡಗಿದ ಶಿಷ್ಯ ಕೂಗಿದ್ದು ಎರಡೇ ಮಾತು: ‘ಸ್ವಾಮೀ, ಕಾಪಾಡು.’ ನನ್ನ ಹಾಗೆ ಪೀಠಿಕೆ ಹಾಕಿದ್ದರೆ ನೀರು ಕುಡಿಯುತ್ತಿದ್ದ.

ಆದರೂ ನಾನು ತಿದ್ದಿಕೊಳ್ಳಲಿಲ್ಲ. ಕಳೆದ ಸೆಪ್ಟೆಂಬರಿನಲ್ಲಿ ನನ್ನ ಹೆಂಡತಿ ಸುನಂದಳ ಕುತ್ತಿಗೆಯಲ್ಲೊಂದು ಗಂಟು ಕಾಣಿಸಿತು. ಡಾಕ್ಟರು ಸೂಜಿ ಚುಚ್ಚಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿಗೆ ಐದಾರು ದಿನ. ಆಸ್ಪತ್ರೆಯ ಕಟ್ಟಡ, ಮೂರನೆಯ ಮಹಡಿ, ಡಾಕ್ಟರ ಪೂರ್ತಿ ಹೆಸರು, ಎಲ್ಲವನ್ನೂ ನಾನು ದಿನವೂ ದೇವರಿಗೆ ಒಪ್ಪಿಸುತ್ತಿದ್ದೆ.

ಶನಿವಾರ ಗೆಳೆಯರ ಮನೆಗೆಂದು ಹೊರಟು ಮುಕಿಲ್ಟಿಯೊದಲ್ಲಿ ಕಾರುಗಳನ್ನೂ ಆಚೆ ದಡಕ್ಕೆ ದಾಟಿಸುವ ಫೆರಿಯ ಸಾಲಿನಲ್ಲಿ ನಿಂತಿದ್ದೆವು. ಕಾರಿನಲ್ಲೇ ಪ್ರಾರ್ಥನೆ ಮುಗಿಸಿದೆ.

“ಎಲ್ಲಾ ಹೇಳಿದ್ರಿ. ನನಗೆ ಹೆದರಿಕೆ ಆಗ್ತಾ ಉಂಟು ಅಂತ ಮಾತ್ರ ಹೇಳ್ಲಿಲ್ಲ,” ಎಂದಳು ಸುನಂದ.

“ಅದನ್ನು ಬೇರೆ ಹೇಳ್ಬೇಕಾ? ದೇವರಿಗೆ ಗೊತ್ತಿಲ್ವಾ?”

“ದೇವರಿಗೆ ಗೊತ್ತುಂಟು ಮಾರಾಯ್ರೆ. ನಿಮಗೆ ಗೊತ್ತುಂಟಾ ಅಂತ.”

ಅವಳೇ ಕಣ್ಣು ಮುಚ್ಚಿದಳು. “ಸ್ವಾಮೀ, ನಮಗಿಬ್ಬರಿಗೂ ಹೆದರಿಕೆ ಆಗ್ತಾ ಉಂಟು. ಇವರು ಬಾಯಿಬಿಟ್ಟು ಹೇಳುದಿಲ್ಲ. ಸ್ವಲ್ಪ ನಮ್ಮ ಹತ್ರ ಕೂತ್ಕೊ.”

ನಾನು ತಲೆ ತಗ್ಗಿಸಿ ಆಮೆನ್‌ಗಾಗಿ ಕಾದೆ. ಬರಲಿಲ್ಲ. ಓರೆಗಣ್ಣಿನಿಂದ ನೋಡಿದರೆ, ಮೂರು ರಾತ್ರಿ ಮಗ್ಗುಲು ಬದಲಿಸುತ್ತಲೇ ಕಳೆದವಳು ಕಿಟಕಿಗೆ ತಲೆಯಾನಿಸಿ ಗಾಢವಾಗಿ ನಿದ್ದೆ ಹೋಗಿದ್ದಳು.

ಸಾಲು ಕದಲಿತು. ಹಳದಿ ಜಾಕೆಟ್ಟಿನ ಕೆಲಸಗಾರ ಮುಂದೆ ಬನ್ನಿ ಎಂದು ಕೈಬೀಸಿದ. ನಾನು ಅವಳನ್ನು ತೋರಿಸಿ ತುಟಿಯ ಮೇಲೆ ಬೆರಳಿಟ್ಟೆ. ಅವನು ಬಗ್ಗಿ ನೋಡಿದ. ಏನೂ ಕೇಳದೆ ಹಿಂದಿನ ಕಾರುಗಳನ್ನೆಲ್ಲ ನಮ್ಮ ಪಕ್ಕದಿಂದ ಸಾಗಹಾಕಿದ. ಅವಳು ತಾನಾಗಿ ಏಳುವ ತನಕ ನಾನು ಹತ್ತಿರ ಕೂತೇ ಇದ್ದೆ.

ಮಂಗಳವಾರ ವರದಿ ಬಂತು, ಹೆದರುವಂಥದ್ದೇನೂ ಇರಲಿಲ್ಲ. ಅದಕ್ಕೆ ದೇವರಿಗೆ ಸ್ತೋತ್ರ. ಆದರೆ ಪ್ರಾರ್ಥನೆಯಿಂದ ಏನು ಲಾಭ ಎಂದು ಆಫೀಸಿನಲ್ಲಿ ಯಾರಾದರೂ ಕೇಳಿದರೆ ನಾನು ವರದಿಯ ಸುದ್ದಿ ಎತ್ತುವುದಿಲ್ಲ. ಅದು ಬೇರೆ ರೀತಿಯೂ ಬರಬಹುದಿತ್ತು. ಅವತ್ತು ನಮಗೆ ಎರಡು ಫೆರಿ ತಪ್ಪಿಹೋಯಿತು ಎನ್ನುತ್ತೇನೆ. ಅವರು ‘ಅಯ್ಯೋ ಪಾಪ’ ಎನ್ನುತ್ತಾರೆ.